ಮುಲಾಮಿನ ಗಿಡ, ಒಂದು ಎತ್ವ

ಫೆಬ್ರವರಿ ೧೧

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದ ತಲುಪಿತು. 'ಬಟ್ಟದ ಮೇಲ ಗಾಳಿ ಜೋರು' ಎಂದು ಬರೆದಿದ್ದೀರಿ. ದಿನವಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕಣ್ಣು ನನ್ನದು, ತಾನಾಗಿಯೇ 'ಬೆಟ್ಟದ ಮೇಲೆ' ಎಂದು ಓದಿಕೊಂಡಿತು. ಅಪ್ಪನಿಗೆ ತೋರಿಸಿದೆ. "ಚಿಕ್ಕಂದಿನಿಂದ ಹಂಗೇ ಕಣೆ. ಎತ್ವ ಉಳಿಸಿ ಉಳಿಸಿ ನಮ್ಮಕ್ಕ ಯಾವ ಬಂಗಲೆ ಕಟ್ಟಿಸ್ತಾಳೋ!" ಎಂದು ನಕ್ಕರು.

ನಗುವಾಗ ಅವರ ಎರಡೂ ಕೈ ಬೆನ್ನ ಹಿಂದೆ ಇದ್ದವು. ಅದಕ್ಕೇ ಈ ಕಾಗದ.

ಬೆರಳ ಗಿಣ್ಣುಗಳು ಊದಿಕೊಂಡಿವೆ ಅತ್ತೆ. ಬೆಳಿಗ್ಗೆ ಶರ್ಟಿನ ಗುಂಡಿ ಹಾಕಲು ನನ್ನನ್ನು ಕರೆಯುವುದಿಲ್ಲ, ಆದರೆ ಗುಂಡಿ ಹಾಕದೆಯೇ ಹೊರಗೆ ಬಂದು 'ಇವತ್ತು ಸೆಕೆ' ಎನ್ನುತ್ತಾರೆ. ಬೈಂಡಿಂಗ್ ಕೋಣೆಯಲ್ಲಿ ಹಾಳೆಗಳ ಕಂತೆಗೆ ದಬ್ಬಳ ಚುಚ್ಚುವಾಗ ಅದು ಜಾರುತ್ತದೆ. ಎತ್ತಿಕೊಳ್ಳುತ್ತಾರೆ, ಮತ್ತೆ ಜಾರುತ್ತದೆ. ಮಾಲೀಕರು ಹೊಸದಾಗಿ ಅಂಟು ಹಚ್ಚುವ ಯಂತ್ರ ತಂದಿದ್ದಾರೆ. "ಇನ್ನು ಹೊಲಿಯೋದೆಲ್ಲ ಯಾಕೆ ಮೇಷ್ಟ್ರೇ? ನೀವು ಆರಾಮಾಗಿ ಪ್ಯಾಕಿಂಗ್ ನೋಡ್ಕೊಳ್ಳಿ" ಎಂದರು. ಅಪ್ಪ ಮನೆಗೆ ಬಂದು, ತಾವೇ ಹೊಲಿದ ಹಳೆಯ ನಿಘಂಟನ್ನು ಮೇಜಿನ ಮೇಲೆ ಪೂರ್ತಿ ತೆರೆದು, ಅದರ ಬೆನ್ನನ್ನು ನೇವರಿಸುತ್ತಾ ಕೂತರು. ಅಂಟಿಸಿದ ಪುಸ್ತಕ ಹಾಗೆ ಮಲಗುವುದಿಲ್ಲವಂತೆ, ಬಾಯಿ ಮುಚ್ಚಿಕೊಳ್ಳುತ್ತದಂತೆ. ಬೆರಳು ಓಡುವಷ್ಟು ದಿನ ಮಾತ್ರ ಆ ಕೋಣೆ ಅವರದು. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಬೆಟ್ಟದಲ್ಲಿ ಕೀಲುನೋವಿಗೆ ಏನೋ ಗಿಡ ಇದೆ ಎಂದು ಒಮ್ಮೆ ಹೇಳಿದ್ದಿರಿ. ಕಳಿಸುತ್ತೀರಾ?

ಉಳಿದಂತೆ ಎಲ್ಲ ಚೆನ್ನಾಗಿದೆ. ಮೇಲೆ ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡಿ. ಹೊಡೆದುಹಾಕುವುದೇ ನನ್ನ ಕೆಲಸ.

ನಿಮ್ಮ ಸೊಸೆ


ಫೆಬ್ರವರಿ ೨೬

ನನ್ನ ಕಾಗುಣಿತದ ಕಾವಲುಗಾರ್ತಿಗೆ,

ನಿನ್ನ ಕಾಗದ ಕೆಳಗಿನ ಅಂಗಡಿಯಲ್ಲಿ ಬಿದ್ದಿತ್ತಂತೆ. ನಾವು ಎಲೆಯಿಂದ ಇಳಿಸುವ ಎಣ್ಣೆಯ ಡಬ್ಬಗಳನ್ನು ಒಯ್ಯುವ ಲಾರಿ ಮೇಲೆ ಬಂದಾಗ ತಂದುಕೊಟ್ಟಿತು. ಇಲ್ಲಿ ಫೋನು ಹಿಡಿದರೆ ಗಾಳಿಯೇ ಎಲ್ಲ ಮಾತೂ ಆಡಿಬಿಡುತ್ತದೆ. ನಮಗೆ ಕಾಗದವೇ ವಾಸಿ.

ನಿನ್ನಪ್ಪನಿಗೆ ಬೇಕಾದ ಮದ್ದಿನ ನಡುವೆಯೇ ನಾನು ದಿನವೂ ಓಡಾಡುತ್ತಿದ್ದೇನೆ. ಇಲ್ಲಿನವರು ಅದನ್ನು ಮುಲಾಮಿನ ಗಿಡ ಎನ್ನುತ್ತಾರೆ. ನಾನು ಓದಿದ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಹೀತ್ ಕುಟುಂಬದ ಪೊದೆ, ನಮ್ಮ ಬಾಟಲಿಯ ಮೇಲೆ ವಿಂಟರ್‌ಗ್ರೀನ್. ಎತ್ತರ ಮೊಣಕಾಲಿನಷ್ಟು, ಕೆಲವು ಕಡೆ ಸೊಂಟದಷ್ಟು. ಬೇರೆ ಗಿಡಗಳು ಮೂಗು ಮುರಿಯುವ ಹುಳಿ ಮಣ್ಣೇ ಇದಕ್ಕೆ ಬೇಕು. ಒಳ್ಳೆಯ ಗೊಬ್ಬರದ ಮಣ್ಣಿಗೆ ಹಾಕಿ ನೋಡು, ಮುನಿಸಿಕೊಂಡು ಸಾಯುತ್ತದೆ. ಎಲೆ ಚರ್ಮದ ಹಾಗೆ ದಪ್ಪ, ಅಂಚಿಗೆ ಗರಗಸದ ಹಲ್ಲು. ಹೂವು ನೋಡಬೇಕು ನೀನು. ಬಿಳಿಯ ಪುಟ್ಟ ಹೂಜಿಗಳನ್ನು ಯಾರೋ ತೊಳೆದು, ನೀರು ಸೋರಲಿ ಎಂದು ತಲೆಕೆಳಗಾಗಿ ನೇತುಹಾಕಿದ ಹಾಗೆ ಸಾಲಾಗಿ ತೂಗುತ್ತವೆ. ಹೂ ಉದುರಿದ ಮೇಲೆ ಅದನ್ನು ಹೊತ್ತಿದ್ದ ಹಸಿರು ಬಟ್ಟಲೇ ಊದಿಕೊಂಡು, ನೀಲಿಯಾಗಿ, ಒಳಗಿನ ಒಣ ಕಾಯನ್ನು ಮುಚ್ಚಿಬಿಡುತ್ತದೆ. ಹಕ್ಕಿಗಳು ಹಣ್ಣೆಂದು ತಿನ್ನುವುದು ಆ ಬಟ್ಟಲನ್ನು. ಇಷ್ಟು ವರ್ಷವಾದರೂ ನನಗೆ ಈ ಕಿಲಾಡಿತನ ಹಳೆಯದಾಗಿಲ್ಲ.

ಇನ್ನೊಂದು ತಮಾಷೆ. ಇಡೀ ಎಲೆಯನ್ನು ಮೂಸಿದರೆ ಏನೂ ಇಲ್ಲ. ಒಳಗೆ ವಾಸನೆ ಸಿದ್ಧವಾಗಿ ಕೂತಿರುವುದೂ ಇಲ್ಲ. ಎಲೆ ಮುರಿದು, ಒಳಗಿನ ಎರಡು ರಸ ಒಂದಕ್ಕೊಂದು ಸೇರಿದ ಮೇಲೆಯೇ ಅದು ಹುಟ್ಟುತ್ತದೆ.

ಪೊಟ್ಟಣದಲ್ಲಿ ಎಲೆ ಕಳಿಸಿದ್ದೇನೆ. ಎಲೆಯನ್ನು ಚೆನ್ನಾಗಿ ಹಚ್ಚಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಆ ನೀರಿನಲ್ಲಿ ಅವನು ಕೈ ಅದ್ದಿ ಕೂರಲಿ. ಕುಡಿಯುವುದಕ್ಕಲ್ಲ. ಜೊತೆಗೆ ಬೇರು ಬಿಟ್ಟ ಒಂದು ಸಸಿಯನ್ನೂ ಅದರದೇ ಮಣ್ಣಿನ ಸಮೇತ ಇಟ್ಟಿದ್ದೇನೆ.

ಎಲೆ ಮುರಿದಾಗ ವಾಸನೆ ಹೇಗಿತ್ತು ಎಂದು ಬರೆ. ಸಾಹಿತ್ಯ ಓದಿದವಳಲ್ಲವೇ, ನೋಡೋಣ.

ಅತ್ತೆ


ಮಾರ್ಚ್ ೯

ಪ್ರೀತಿಯ ಅತ್ತೆಗೆ,

'ಚೆನ್ನಾಗಿ ಹಚ್ಚಿ' ಎಂದಿದ್ದಿರಿ. ಚೆನ್ನಾಗಿಯೇ ಹಚ್ಚಿದೆವು.

ಭಾನುವಾರದ ಕೆಲಸಕ್ಕೆ ಹೊರಟಿದ್ದ ಅಪ್ಪನನ್ನು ಕೂರಿಸಿ, ಒಂದೊಂದು ಬೆರಳಿಗೂ ಒಂದೊಂದು ಎಲೆ ಸುತ್ತಿ, ಬೈಂಡಿಂಗ್ ದಾರದಿಂದ ಕಟ್ಟಿದೆ. ಅವರು ಹಾಗೆಯೇ ಪ್ರೆಸ್ಸಿಗೆ ಬಂದರು. ಮಾಲೀಕರು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಇದೇನ್ ಮೇಷ್ಟ್ರೇ, ಬೆರಳೆಲ್ಲ ಚಿಗುರಿಬಿಟ್ಟಿದೆ!"

"ಹೂ ಬಿಟ್ಟ ಮೇಲೆ ಹೇಳ್ತೀನಿ, ಬನ್ನಿ" ಎಂದರು ಅಪ್ಪ.

ನೋವು ಎಳ್ಳಷ್ಟೂ ಕದಲಲಿಲ್ಲ. ಸಂಜೆ ನಾನು ತರಕಾರಿ ಹೆಚ್ಚುತ್ತಿದ್ದೆ. ಕೈಯಲ್ಲಿ ಚಾಕು ಹಿಡಿದೇ ಕೂಗಿದೆ: "ಅಪ್ಪಾ, ಹಚ್ಚಿ ಅಲ್ಲ, ಹೆಚ್ಚಿ! ಅತ್ತೆ ಎತ್ವ ತಿಂದಿದ್ದಾರೆ!" ಅಪ್ಪ ಬೆರಳುಗಳ ಎಲೆ ಬಿಚ್ಚುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪ್ರೆಸ್ಸಿನಲ್ಲಿ ಯಾರದೋ ತಪ್ಪು ಹುಡುಕ್ತೀಯ, ಮನೆ ಕಾಗದದಲ್ಲಿ ಮಾತ್ರ ನಿನ್ನ ಪೆನ್ನು ನಿದ್ದೆ ಹೋಗುತ್ತೆ" ಎಂದು ಛೇಡಿಸಿದರು. ಇನ್ನು ಮೇಲೆ ನಿಮ್ಮ ಕಾಗದವನ್ನು ಕರಡಿನ ಹಾಗೆಯೇ ಓದುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಎಲ್ಲೆಲ್ಲಿ ನೀವು ಬಿಟ್ಟಿದ್ದೀರೋ ಅಲ್ಲಲ್ಲಿ ನಾನು ಹಾಕಿಕೊಳ್ಳುತ್ತೇನೆ.

ಉಳಿದ ಎಲೆ ಹೆಚ್ಚಿ ನೆನೆಹಾಕಿದ್ದೆವು. ಅದರಲ್ಲಿ ಕೈ ಅದ್ದಿದ ಮೇಲೆ ಮುಷ್ಟಿ ಅರ್ಧ ಮುಚ್ಚಿತು. ಅರ್ಧವೇ ಆದರೂ ಅಪ್ಪ ಅದನ್ನು ಮತ್ತೆ ಮತ್ತೆ ಮುಚ್ಚಿ ತೆರೆದು ನೋಡಿಕೊಂಡರು.

ವಾಸನೆ: ಮುಂಜಾವಿನ ಮಂಜು ಮೊದಲ ಬಾರಿಗೆ ಉಸಿರಾಡಿದಂತೆ, ನೆನಪಿನ ಬಾಗಿಲು ತಣ್ಣಗೆ ತೆರೆದಂತೆ. ಹೇಗಿದೆ? ಪಾಸೋ ಫೇಲೋ?

ಸಸಿಯನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ.

ನಿಮ್ಮ ಸೊಸೆ


ಮಾರ್ಚ್ ೨೮

ಕಾವಲುಗಾರ್ತಿಗೆ,

ಫೇಲು. ಮಂಜು ಉಸಿರಾಡುವುದನ್ನು ನಾನು ಕಂಡಿಲ್ಲ. ನೆನಪಿಗೆ ಬಾಗಿಲಿದ್ದರೆ ಅದರ ಚಿಲಕದ ವಾಸನೆಯನ್ನಾದರೂ ಬರೆಯಬೇಕಿತ್ತು. ಅಲಂಕಾರ ಬೇಡ. ಇದ್ದದ್ದು ಇದ್ದ ಹಾಗೆ ಬರೆ. ನಿಜವಾಗಿ ಕೇಳುತ್ತಿದ್ದೇನೆ.

ಬೆರಳು ಚಿಗುರಿದ ಕಥೆಯನ್ನು ಇಲ್ಲಿ ಎಲೆ ಕೊಯ್ಯುವ ಹೆಂಗಸರಿಗೆ ಓದಿ ಹೇಳಿದೆ. ಒಬ್ಬಳು ನಕ್ಕೂ ನಕ್ಕೂ ಬುಟ್ಟಿಯ ಮೇಲೆಯೇ ಕುಳಿತುಬಿಟ್ಟಳು. "ನಿಮ್ಮ ಕಾಗದ ಓದಿ ಸಂಸಾರ ಮಾಡಿದ್ರೆ ಮನೆ ಉಳಿದ ಹಾಗೇ" ಎಂದಳು. ಮರ್ಯಾದೆಯ ಪ್ರಶ್ನೆ. ಈ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದೇನೆ. ಎಲ್ಲ ಎತ್ವವೂ ಅದರದರ ತಲೆಯ ಮೇಲೆ ಕೂತಿದೆ, ಬೇಕಾದರೆ ಎಣಿಸಿಕೋ.

ಈ ಸಲ ಎಣ್ಣೆಯನ್ನೇ ಕಳಿಸಿದ್ದೇನೆ. ಹಂಡೆಯ ತುಂಬ ಎಲೆ ಹಾಕಿ, ಬೆಚ್ಚಗಿನ ನೀರಿನಲ್ಲಿ ನೆನೆಯಬಿಟ್ಟು, ಆಮೇಲೆ ಕೆಳಗೆ ಬೆಂಕಿ ಹಾಕುತ್ತೇವೆ. ಅವಸರಪಟ್ಟು ನೆನೆಯುವ ಮೊದಲೇ ಬೆಂಕಿ ಹಾಕಿದರೆ ಎಣ್ಣೆಯೇ ಇಳಿಯುವುದಿಲ್ಲ. ಆವಿ ಕೊಳವೆಯಲ್ಲಿ ತಣಿದು ಗಾಜಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಬೇರೆ ಬಹುಪಾಲು ಎಲೆಗಳ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಇದು ಮುಳುಗುತ್ತದೆ. ಪಾತ್ರೆಯ ತಳದಲ್ಲಿ ತೆಳು ಹಳದಿಯಾಗಿ ಸುಮ್ಮನೆ ಕೂತಿರುತ್ತದೆ. ಹೊಸಬರು ನೀರೆಂದು ತಿಳಿದು ಚೆಲ್ಲಲು ಹೋಗುತ್ತಾರೆ. ಈ ಎಣ್ಣೆಯೂ ನಿನ್ನಪ್ಪನ ಹಾಗೆಯೇ. ಮುಖ್ಯವಾದದ್ದೆಲ್ಲ ತಳದಲ್ಲಿ.

ಬಲವಾದ ಎಣ್ಣೆ ಇದು. ಒಂದು ಚಮಚ ಸಾದಾ ಎಣ್ಣೆಗೆ ಕೆಲವೇ ಹನಿ ಸಾಕು. ಗಾಯವಿದ್ದ ಕಡೆ ತಾಗಿಸಬೇಡ. ಬಾಯಿಗೆ ಹೋದರೆ ವಿಷ, ಬಾಟಲಿಯನ್ನು ಮದ್ದಿನ ಕಪಾಟಿನಲ್ಲಿ ಬೇರೆಯಾಗಿ ಇಡು. ಇನ್ನೊಂದು ಮಾತು, ನಾವು ಎಲ್ಲರಿಗೂ ಹೇಳುವಂಥದ್ದು: ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಎಣ್ಣೆ ಹಚ್ಚುವುದು ಬೇಡ. ನಿಮ್ಮಲ್ಲಿ ಅಂಥವರು ಯಾರೂ ಇಲ್ಲ, ಬಾಯಿಪಾಠವಾಗಿರುವುದರಿಂದ ಬರೆದೆ.

ವಾಸನೆಯ ವಿಷಯ ಮರೆಯಬೇಡ.

ಅತ್ತೆ


ಏಪ್ರಿಲ್ ೧೭

ಪ್ರೀತಿಯ ಅತ್ತೆಗೆ,

ನಿಮ್ಮ ಎಣ್ಣೆಗೆ ಏನು ಹೇಳಲಿ! ಅಪ್ಪ ನಿನ್ನೆ ಸೂಜಿಗೆ ದಾರ ಪೋಣಿಸಿದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಒಂದೇ ಸಲಕ್ಕೆ! ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರು. ಯಾರೂ ಇಲ್ಲದ್ದಕ್ಕೆ ಸ್ವಲ್ಪ ನಿರಾಸೆಯಾದ ಹಾಗಿತ್ತು. ನಾನು ಒಳಗೆ ಹೋಗಿ "ಏನಪ್ಪಾ?" ಎಂದೆ. "ಏನಿಲ್ಲ, ದಾರ ಪೋಣಿಸಿದೆ" ಎಂದರು, ಸೇತುವೆ ಕಟ್ಟಿ ಮುಗಿಸಿದವರ ದನಿಯಲ್ಲಿ.

ಹೊಲಿಗೆ ಮತ್ತೆ ಅವರ ಕೈಗೆ ಬಂದಿದೆ. ಮಾಲೀಕರು ದಪ್ಪ ಪುಸ್ತಕಗಳನ್ನು ಯಂತ್ರಕ್ಕೆ ಕೊಡದೆ ಇವರಿಗೇ ಕಳಿಸುತ್ತಿದ್ದಾರೆ. ಬೆಳಿಗ್ಗೆ, ಸಂಜೆ, ಕೆಲವು ದಿನ ಮಧ್ಯಾಹ್ನವೂ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮಾತ್ರೆಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಎಣ್ಣೆ ಹೆಚ್ಚಿಸಿಲ್ಲ, ಹನಿಗಳ ಅಳತೆ ಮೊದಲ ದಿನದ್ದೇ. ಹಾಗಾಗಿ ನಿಶ್ಚಿಂತೆಯಾಗಿರಿ.

ಮುಂಗೈ ಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಕಾಣುತ್ತಿವೆ. ಕೆಲಸ ಜಾಸ್ತಿಯಾಯಿತಲ್ಲ, ರಟ್ಟು ಒತ್ತುವ ಪ್ರೆಸ್ಸಿಗೆ ತಾಗಿರಬೇಕು. ಸಸಿಯ ಎಲೆಗಳು ಮಾತ್ರ ಯಾಕೋ ಹಳದಿಯಾಗುತ್ತಿವೆ. ದಿನವೂ ನಲ್ಲಿ ನೀರು ತಪ್ಪದೆ ಹಾಕುತ್ತಿದ್ದೇನೆ.

ವಾಸನೆಗೆ ಇನ್ನೊಮ್ಮೆ ಪ್ರಯತ್ನಿಸಿದೆ: ತಣ್ಣಗಿದೆ, ಸಿಹಿಯಾಗಿದೆ, ಮೂಗಿನ ಮೇಲ್ಭಾಗಕ್ಕೆ ಚುಚ್ಚುತ್ತದೆ. ಆಟಗಾರರು ಮಂಡಿಗೆ ಹಚ್ಚಿಕೊಳ್ಳುವ ಮುಲಾಮು, ಚಿಕ್ಕಂದಿನ ಪೆಪ್ಪರ್‌ಮಿಂಟಿನ ಹಾಗೆ ತೋರುವ ಆದರೆ ಪೆಪ್ಪರ್‌ಮಿಂಟಲ್ಲದ ಇನ್ನೊಂದು ಮಿಠಾಯಿ. ಈಗ?

ನಿಮ್ಮ ಸೊಸೆ


ಮೇ ೨

ಕಾವಲುಗಾರ್ತಿಗೆ,

ಗಡಿಬಿಡಿಯಲ್ಲಿ ನಾಲ್ಕೇ ಸಾಲು. ಹೂವಿನ ಕಾಲ, ಬೆಟ್ಟವೆಲ್ಲ ಬಿಳಿ.

ಸೂಜಿಯ ಸುದ್ದಿ ಓದಿ ಹಂಡೆಯ ಹತ್ತಿರ ಹೋಗಿ ಒಬ್ಬಳೇ ನಿಂತಿದ್ದೆ. ಅವನಿಗೆ ಮೊದಲ ಸಲ ಸೂಜಿ ಹಿಡಿಯಲು ಕಲಿಸಿದವಳು ನಾನು. ಹರಿದ ಅಂಗಿಗೆ ಗುಂಡಿ ಹೊಲಿಯುವುದಕ್ಕೆ.

ನೀಲಿ ಕಲೆಗೆ ಹೆದರಬೇಡ. ಎದುರಿಗೆ ಗೋಡೆ ಇದ್ದರೂ ಡಿಕ್ಕಿ ಹೊಡೆಯುವವನು ಅವನು, ಹುಟ್ಟಾ ಅಭ್ಯಾಸ. ಸಸಿ ಹಳದಿಯಾಗುತ್ತಿರುವುದು ನಿನ್ನ ನಲ್ಲಿ ನೀರಿನಿಂದ. ಊರ ನೀರಿನಲ್ಲಿ ಸುಣ್ಣವಿರುತ್ತದೆ, ಈ ಜಾತಿಗೆ ಅದು ಆಗುವುದಿಲ್ಲ. ನೀನು ಪ್ರೀತಿಯಿಂದ ಎಷ್ಟು ಹಾಕುತ್ತೀಯೋ ಅಷ್ಟು ಕೆಡುತ್ತದೆ. ಮಳೆ ನೀರು ಹಿಡಿದು ಹಾಕು.

ವಾಸನೆ ಈಗ ಸ್ವಲ್ಪ ಸಿಕ್ಕಿತು. ಇನ್ನೂ ಬರೆ.

ಅತ್ತೆ


ಜೂನ್ ೧೪

ಅತ್ತೆ,

ಮೊದಲೇ ಹೇಳಿಬಿಡುತ್ತೇನೆ: ಅಪ್ಪ ಮನೆಗೆ ಬಂದಿದ್ದಾರೆ, ಪಕ್ಕದ ಕೋಣೆಯಲ್ಲಿ ಮಲಗಿ ನನ್ನ ಪೆನ್ನಿನ ಸದ್ದು ಕೇಳುತ್ತಿದ್ದಾರೆ. ಹೆದರಬೇಡಿ.

ಕಳೆದ ತಿಂಗಳ ಕೊನೆಯಲ್ಲಿ, ಬೈಂಡಿಂಗ್ ಕೋಣೆಯಲ್ಲಿ ಹೊಲಿಯುತ್ತಾ ಕೂತಿದ್ದವರ ಮೂಗಿನಿಂದ ರಕ್ತ ಬಂತು. ಅವರು ಮೊದಲು ಮಾಡಿದ ಕೆಲಸ, ಹಾಳೆಗಳ ಕಂತೆಯನ್ನು ಪಕ್ಕಕ್ಕೆ ಸರಿಸಿದ್ದು. ಆಮೇಲೆ ನನ್ನನ್ನು ಕರೆದರು. ರಕ್ತ ನಿಲ್ಲಲೇ ಇಲ್ಲ. ವಸಡಿನಿಂದಲೂ ಬರತೊಡಗಿತು. ಮಾಲೀಕರು ತಮ್ಮ ವ್ಯಾನಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಪರದೆ ಸರಿಸಿ ಒಳಗೆ ಬಂದವರೇ ರೋಗಿಯನ್ನು ನೋಡುವ ಮೊದಲು ಗಾಳಿಯನ್ನು ಮೂಸಿದರು. "ಇಲ್ಲಿ ಮುಲಾಮು ಹಚ್ಚಿಕೊಂಡಿರೋರು ಯಾರು?"

ಅಪ್ಪ ಕೈ ಎತ್ತಿದರು, ತರಗತಿಯ ಹುಡುಗನ ಹಾಗೆ.

ಅತ್ತೆ, ಅಪ್ಪ ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ಚಳಿಗಾಲದಿಂದ. ರಕ್ತ ತೆಳುವಾಗಿಸುವ ಮಾತ್ರೆಯೇ. ಹೊಡೆದುಹಾಕಿದ ಸಾಲಿನಲ್ಲಿ ಇದ್ದದ್ದು ಅದು. "ಅಕ್ಕನಿಗೆ ಬರೆದರೆ ಬೆಟ್ಟಾನೇ ಕಿತ್ಕೊಂಡು ಬರ್ತಾಳೆ, ಅವಳ ಕೆಲಸ ಹಾಳು" ಎಂದು ನನ್ನ ಕೈ ಹಿಡಿದಿದ್ದರು.

ನಾನು ನಿಮ್ಮ ಕಾಗದವನ್ನು ಚೀಲದಿಂದ ತೆಗೆದು ಡಾಕ್ಟರಿಗೆ ತೋರಿಸಿದೆ. ಅತ್ತೆ ಎಚ್ಚರಿಕೆ ಹೇಳಿದ್ದರು, ನಾನು ಅದರ ಪ್ರಕಾರವೇ ಅಳತೆ ಹೆಚ್ಚಿಸಲಿಲ್ಲ ಎಂದೆ. ಅವರು ಅದನ್ನು ನರ್ಸಮ್ಮನ ಕೈಗೆ ಕೊಟ್ಟರು. ನರ್ಸಮ್ಮನಿಗೆ ನಿಮ್ಮ ಪರಿಚಯವಿಲ್ಲ, ನಿಮ್ಮ ಎತ್ವಗಳ ಇತಿಹಾಸವೂ ಗೊತ್ತಿಲ್ಲ. ಇದ್ದದ್ದನ್ನು ಇದ್ದ ಹಾಗೆ ಗಟ್ಟಿಯಾಗಿ ಓದಿದರು: "ಎಣ್ಣೆ ಹಚ್ಚುವುದು ಬೇಡ."

ನಾನು "ಹೆಚ್ಚುವುದು" ಎಂದೆ.

"ಇಲ್ಲಮ್ಮ, 'ಹಚ್ಚುವುದು' ಅಂತ್ಲೇ ಇದೆ. ನೋಡಿ, ಎಷ್ಟು ಸ್ಪಷ್ಟವಾಗಿದೆ."

ಸ್ಪಷ್ಟವಾಗಿಯೇ ಇತ್ತು. ನೀವು ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ, ಸರಿಯಾಗಿ ಬರೆದ ಪದವನ್ನು ನಾನು ತಿದ್ದಿಕೊಂಡಿದ್ದೆ.

ಇಂಜೆಕ್ಷನ್ ಕೊಟ್ಟರು, ರಕ್ತ ನಿಂತಿತು. ಚರ್ಮದ ಮೂಲಕ ಒಳಗಿಳಿದ ಎಣ್ಣೆ ಮಾತ್ರೆಯ ಬಲವನ್ನು ಹೆಚ್ಚಿಸಿತ್ತಂತೆ. "ಒಳ್ಳೆ ಮದ್ದೇ. ಆದರೆ ನಿಮಗಲ್ಲ" ಎಂದರು ಡಾಕ್ಟರು. ಅಪ್ಪ ಆ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡರು, ಯಾರೋ ಗಿಡವನ್ನು ಹೊಗಳಿದರೆಂದು ಹೆಮ್ಮೆಯಿಂದ.

ಬೆರಳುಗಳು ಮತ್ತೆ ಬಿಗಿಯಾಗುತ್ತಿವೆ. ನೀವು ಬೈಯಿರಿ. ಆದರೆ ಕಾಗದದಲ್ಲೇ ಬೈಯಿರಿ. ಬರುವುದು ಬೇಡವಂತೆ, ಅಪ್ಪ ಹೇಳಿಸಿದ್ದಾರೆ.

ನಿಮ್ಮ ಸೊಸೆ


ಜೂನ್ ೨೯

ಮಗಳೇ,

ನಿನ್ನನ್ನು ಬೈಯುವುದಿಲ್ಲ. ನೀಲಿ ಕಲೆ ಎಂದು ನೀನು ಬರೆದಾಗ ಹತ್ತಾರು ವರ್ಷ ಈ ಎಣ್ಣೆಯೊಂದಿಗೆ ಬದುಕಿದ ನಾನು ಗೋಡೆಯ ಜೋಕು ಮಾಡಿದೆ. ನೀನು ಇಲ್ಲದ ಎತ್ವ ಕಂಡೆ, ನಾನು ಇದ್ದ ಕಲೆಯನ್ನು ಕಾಣಲಿಲ್ಲ. ಸರಿಹೋಯಿತು.

ನಿನ್ನಪ್ಪನನ್ನು ಬೈಯುತ್ತೇನೆ. ಅವನಿಗೆ ಗಟ್ಟಿಯಾಗಿ ಓದಿ ಹೇಳು: ಲೋ, ಬಿದ್ದು ಮಂಡಿ ಒಡೆದುಕೊಂಡಾಗಲೂ ಹೀಗೇ, ಚಡ್ಡಿ ಕೆಳಕ್ಕೆಳೆದು ಮುಚ್ಚಿಕೊಂಡು ಕೂತಿದ್ದೆ. ಈಗ ಎದೆಯನ್ನೇ ಮುಚ್ಚಿಕೊಂಡು ಕೂತಿದ್ದೀಯಲ್ಲೋ! ನಿನ್ನ ಹೃದಯದ ಸುದ್ದಿ ನನಗೆ ನೀನು ಆಸ್ಪತ್ರೆ ಸೇರಿದ ಮೇಲೆ, ಅದೂ ಮಗಳ ಕಾಗದದಿಂದ ಬರಬೇಕೇ?

ಆಯಿತು. ಮುಚ್ಚಿಡುವುದು ನಮ್ಮ ಮನೆತನದ ರೋಗ, ನನ್ನದನ್ನೂ ಹೇಳಿಬಿಡುತ್ತೇನೆ. ಎರಡು ಚಳಿಗಾಲದ ಹಿಂದೆ ಜ್ವರ ಬಂದು ಹೋಯಿತು. ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ಯಾವ ವಾಸನೆಯೂ ಬರುವುದಿಲ್ಲ. ಹಂಡೆಯ ಮುಂದೆ ನಿಂತು, ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಮುಖಕ್ಕೆ ಹಿಡಿದುಕೊಳ್ಳುತ್ತೇನೆ. ತಣ್ಣಗೆ ತಾಗುತ್ತದೆ, ಅಷ್ಟೇ. ಎಣ್ಣೆ ಪಕ್ವವಾಯಿತೇ ಎಂಬುದನ್ನು ಬಣ್ಣ ನೋಡಿ, ಹನಿ ಮುಳುಗುವ ರೀತಿ ನೋಡಿ ಹೇಳುತ್ತೇನೆ. ಇಲ್ಲಿ ಯಾರಿಗೂ ತಿಳಿಯದು. ಅದಕ್ಕೇ ನಿನ್ನನ್ನು ಪೀಡಿಸುತ್ತಿದ್ದೆ. ನೀನು ಪರೀಕ್ಷೆ ಎಂದುಕೊಂಡೆ. 'ಮೂಗಿನ ಮೇಲ್ಭಾಗಕ್ಕೆ ಚುಚ್ಚುತ್ತದೆ' ಎಂದು ಬರೆದೆಯಲ್ಲ, ಆ ಸಾಲು ಓದಿ ಒಂದು ಕ್ಷಣ ನನಗೂ ಚುಚ್ಚಿತು.

ಒಂದು ಕೆಲಸ ಇದೆ. ನಮ್ಮ ಬಾಟಲಿಗೆ ಹೊಸ ಚೀಟಿ ಬರೆದುಕೊಡು. ಯಾವ ಮನೆಯ ಯಾವ ಕಣ್ಣೂ ತಪ್ಪಾಗಿ ಓದಬಾರದು.

ಬರಲೇ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆ. ಕರೆಯುವುದಾದರೆ ಅವನೇ ಕರೆಯಲಿ.

ಅತ್ತೆ


ಆಗಸ್ಟ್ ೨೧

ಪ್ರೀತಿಯ ಅತ್ತೆಗೆ,

ಚೀಟಿ ಬರೆದಿದ್ದೇನೆ. ನಾನು ಉದ್ದುದ್ದ ಬರೆದು ಅಪ್ಪನಿಗೆ ತೋರಿಸಿದೆ. "ಹಚ್ಚಬಾರದು ಅನ್ನೋ ಪದವೇ ಬೇಡ ಕಣೆ, ಆ ಪದದ ಸಹವಾಸ ಸಾಕು. 'ಮುಟ್ಟಬಾರದು' ಅಂತ ಹಾಕು" ಎಂದರು. ಹಾಗಾಗಿ ಹೀಗಿದೆ: 'ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಈ ಎಣ್ಣೆಯನ್ನು ಮುಟ್ಟಬಾರದು.' ದಪ್ಪ ಅಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ. ನರ್ಸಮ್ಮನ ಹತ್ತಿರ ಓದಿಸಿ ನೋಡಿಯೇ ಅಚ್ಚಿಗೆ ಕೊಟ್ಟೆ.

ಡಾಕ್ಟರು ಕೈಗೆ ಬಿಸಿನೀರಿನ ಶಾಖ ಮತ್ತು ಬೆರಳಿನ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಮೊದಲಿನಷ್ಟು ಆಗದು. ಮಾಲೀಕರು ಮಾತ್ರ ಮತ್ತೆ ಪ್ಯಾಕಿಂಗ್ ಮಾತು ಎತ್ತಿಲ್ಲ. ರಕ್ತ ಬರುವಾಗಲೂ ಹಾಳೆ ಸರಿಸಿದವರನ್ನು ಆ ಕೋಣೆಯಿಂದ ಹೇಗೆ ಕಳಿಸಲಿ ಎಂದರಂತೆ. ದಪ್ಪ ಪುಸ್ತಕಗಳು ಇನ್ನೂ ಇವರ ಮೇಜಿಗೇ ಬರುತ್ತವೆ. ದಬ್ಬಳ ನಾನು ಚುಚ್ಚುತ್ತೇನೆ, ಹೊಲಿಗೆ ಅವರದು. ಅವರ ಹೊಲಿಗೆಯನ್ನು ಇಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ. ದಾರ ಹಾಳೆಗೆ ನೋವಾಗದ ಹಾಗೆ ಒಳಹೋಗುತ್ತದೆ.

ಸಸಿ ಮಳೆ ನೀರಿಗೆ ಒಗ್ಗಿದೆ. ಹೊಸ ಎಲೆ ಬಂದಿವೆ. ಇವತ್ತು ಬೆಳಿಗ್ಗೆ ಒಂದು ಎಲೆಯ ಕೆಳಗೆ, ನೀವು ಹೇಳಿದ ಹೂಜಿ. ಕಾಲ ತಪ್ಪಿ, ಒಂದೇ ಒಂದು, ತಲೆಕೆಳಗಾಗಿ. ಅಪ್ಪ ಕನ್ನಡಕ ತಂದು, ಕಿಟಕಿಯ ಮುಂದೆ ಬಗ್ಗಿ ನಿಂತು, ಬಹಳ ಹೊತ್ತು ನೋಡಿದರು. ಕೈ ಈ ಸಲವೂ ಬೆನ್ನ ಹಿಂದೆಯೇ ಇತ್ತು, ಆದರೆ ಅದು ಗಿಡ ಮುಟ್ಟಬಾರದೆಂದು.

ಆಮೇಲೆ ಪೆನ್ನು ಕೇಳಿದರು. ಕೆಳಗಿನದು ಅವರ ಕೈಬರಹ. ನಾನು ತಿದ್ದಿಲ್ಲ.

ನಿಮ್ಮ ಸೊಸೆ

ಅಕ್ಕಾ,
ಹೂ ಬಿಟ್ಟಿದೆ. ನಾನು ಮುಟ್ಟೋ ಹಾಗಿಲ್ಲ, ನಿನಗೆ ಮೂಗಿಲ್ಲ. ನೀನು ಎಲೆ ಹಿಸುಕು, ನಾನು ಮೂಸಿ ಹೇಳ್ತೀನಿ.
ಬಾ.
ಈ ಪದಕ್ಕೆ ಎತ್ವ ಇಲ್ಲ. ತಪ್ಪು ಓದಬೇಡ.